ಮುಂಬೈ ಮಳೆಯಲ್ಲಿ ಒಂದು ಐಎಲ್‌ಎಸ್

ಕ್ಯಾಪ್ಟನ್ ಆದ ಮೇಲೆ ಅದು ನನ್ನ ಮೊದಲ ಮಳೆಗಾಲ. ಜುಲೈ ಸಂಜೆ. ಮುಂಬೈನ ರನ್‌ವೇ 27ಕ್ಕೆ, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ, ಇಳಿಯಬೇಕಿತ್ತು. ಕೆಳಗೆ ಥಾಣೆ ಕ್ರೀಕ್ ಇದೆ ಅಂತ ಗೊತ್ತು, ಕಣ್ಣಿಗೆ ಮಾತ್ರ ಬರೀ ಮೋಡ.

ಐಎಲ್‌ಎಸ್ ಅಂದರೆ ಕಣ್ಣಿಗೆ ಏನೂ ಕಾಣದಾಗಲೂ ರನ್‌ವೇಗೆ ದಾರಿ ತೋರಿಸುವ, ನೆಲದಿಂದ ಬರುವ ಎರಡು ರೇಡಿಯೋ ಸಂಕೇತ. ಲೋಕಲೈಸರ್ ಎಡ-ಬಲ ತೋರಿಸುತ್ತದೆ, ಗ್ಲೈಡ್ ಸ್ಲೋಪ್ ಮೇಲೆ-ಕೆಳಗೆ. ಇಳಿಜಾರು 3 ಡಿಗ್ರಿ. ಹತ್ತಿರ ಹೋದಷ್ಟೂ ದಾರಿ ಕಿರಿದಾಗುತ್ತದೆ, ಅದನ್ನು ತೋರಿಸುವ ಮೀಟರಿನ ಸೂಜಿ ಚುರುಕಾಗುತ್ತದೆ. ಕಲಿಯುವಾಗ ನಾನು ಸೂಜಿ ಹೋದ ಕಡೆಗೆಲ್ಲ ವಿಮಾನ ತಿರುಗಿಸುತ್ತಿದ್ದೆ. ಹಾವು ಹೋದ ಹಾಗೆ ಹೋಗುತ್ತಿತ್ತು. "ಸೂಜಿ ಬಿಡು, ಹೆಡಿಂಗ್ ಹಿಡಿ" ಅಂತ ಗುರುಗಳು ಹೇಳಿದ್ದರು; ಹೆಡಿಂಗ್ ಅಂದರೆ ವಿಮಾನದ ಮೂಗಿನ ದಿಕ್ಕು. ಆ ಮಾತು ಇವತ್ತಿಗೂ ಕೈಯಲ್ಲಿದೆ.

ಆ ದಿನ 2000 ಅಡಿಯಲ್ಲಿ ನೈಋತ್ಯದಿಂದ, ಅಂದರೆ ಎದುರಿನ ಎಡಗಡೆಯಿಂದ, 35 ನಾಟ್ (ಗಂಟೆಗೆ ಸುಮಾರು 65 ಕಿ.ಮೀ.) ಗಾಳಿ. ದಾರಿ ತಪ್ಪದಿರಲು ಮೂಗನ್ನು 10 ಡಿಗ್ರಿ ಎಡಕ್ಕೆ ಇಟ್ಟೆ. ನೆಲದ ಮೇಲಿನ ವೇಗ ಸುಮಾರು 120 ನಾಟ್. ಅದನ್ನು 5ರಿಂದ ಗುಣಿಸಿದರೆ ನಿಮಿಷಕ್ಕೆ 600 ಅಡಿ ಇಳಿಯಬೇಕು ಅಂತ ಲೆಕ್ಕ. ಸರಳ ಲೆಕ್ಕ, ಆದರೆ ತುಂಬಾ ಉಪಯೋಗ. ಕೆಳಗೆ ಬಂದಂತೆ ಗಾಳಿ ಕಡಿಮೆಯಾಗುತ್ತದೆ. ಆಗ ಅದೇ ಹೆಡಿಂಗ್ ಹಿಡಿದು ಕೂತರೆ ವಿಮಾನ ಎಡಕ್ಕೆ ಸರಿಯುತ್ತದೆ. ಸೂಜಿ ಅಲುಗುವ ಮೊದಲೇ ಎರಡೆರಡು ಡಿಗ್ರಿ ಬಲಕ್ಕೆ ತಂದೆ. ಎದುರು ಗಾಳಿ ತಗ್ಗಿ ನೆಲದ ಮೇಲಿನ ವೇಗ ಏರಿದಂತೆ ಇಳಿಯುವ ದರವನ್ನೂ ಸ್ವಲ್ಪ ಹೆಚ್ಚಿಸಿದೆ.

1000 ಅಡಿಯಲ್ಲಿ ಎಲ್ಲ ಸ್ಥಿರ. 200 ಅಡಿಗೆ ರನ್‌ವೇ ದೀಪ ಕಾಣದಿದ್ದರೆ ಮೇಲೇರುವುದೇ, ಅದರಲ್ಲಿ ಚರ್ಚೆಯಿಲ್ಲ. ಎಂಜಿನ್ ಲಿವರ್ ಮೇಲೆ ಕೈ ಅದಕ್ಕೇ ಸಿದ್ಧವಾಗಿತ್ತು. 300 ಅಡಿಯಲ್ಲಿ ಮಳೆಯ ನಡುವೆ ದೀಪಗಳ ಸಾಲು ಕಾಣಿಸಿತು. ಮುಂದೆ ಅಲ್ಲ, ಗಾಜಿನ ಬಲಭಾಗದಲ್ಲಿ.

ಗೇಟ್‌ಗೆ ಬಂದು ಎಂಜಿನ್ ಆರಿಸಿದ ಮೇಲೆ, ಮಂಗಳೂರಿನ ಹುಡುಗ ನನ್ನ ಕೋಪೈಲಟ್ ಕೇಳಿದ: "ಸರ್, ನಾನು ನೇರ ಮುಂದೆ ಹುಡುಕ್ತಾ ಇದ್ದೆ. ನೀವು ಮೊದಲೇ ಬಲಕ್ಕೆ ನೋಡಿದ್ರಲ್ಲ?"

"ಮೂಗು ಎಡಕ್ಕಿತ್ತಲ್ವಾ? ಹಾಗಾದ್ರೆ ರನ್‌ವೇ ಎಲ್ಲಿರಬೇಕು?"

ಅವನು ಅಂಗೈಯನ್ನೇ ವಿಮಾನ ಮಾಡಿಕೊಂಡು ಓರೆಯಾಗಿ ಹಿಡಿದು ನೋಡಿದ.