ಮಳೆ ಬಂತೆಂದು ಕೂಗಲು ಮನೆಯಲ್ಲಿ ಇನ್ನೊಬ್ಬರಿಲ್ಲದಾಗ

ತುಂಬಿದ ಮನೆಯಲ್ಲಿ ಮಳೆ ಬಂದರೆ ಒಬ್ಬರು “ಬಟ್ಟೆ, ಬಟ್ಟೆ” ಎಂದು ಕೂಗುತ್ತಾರೆ, ಇನ್ನೊಬ್ಬರು ಹಿತ್ತಲಿಗೆ ಓಡುತ್ತಾರೆ, ಮತ್ತೊಬ್ಬರು ಕಿಟಕಿ ಹಾಕುತ್ತಾರೆ. ಒಲೆಯ ಮೇಲಿನ ಹಾಲು ನೋಡಿಕೊಳ್ಳಲು ಒಬ್ಬರಾದರೂ ಉಳಿದಿರುತ್ತಾರೆ. ಒಂಟಿ ಮನೆಯಲ್ಲಿ ಈ ಎಲ್ಲ ಕೆಲಸಕ್ಕೂ ಇರುವುದು ಎರಡೇ ಕೈ. ಧಾರವಾಡದ ಹಳೆಯ ಹಂಚಿನ ಮನೆಯಲ್ಲಿ ಹನ್ನೊಂದು ವರ್ಷದಿಂದ ನಾನೊಬ್ಬಳೇ ಇದ್ದೇನೆ. ಮೊದಲ ಕೆಲವು ವರ್ಷ ನಾನು ನಾಲ್ಕು ಜನರ ಕೆಲಸವನ್ನು ಓಡಾಡಿಯೇ ಮುಗಿಸಲು ನೋಡಿದೆ. ಅದು ತಪ್ಪು ಎಂದು ತಿಳಿದದ್ದು ಒಂದು ಆಷಾಢದ ಬೆಳಿಗ್ಗೆ.

ಹಾಲು ಕಾಯಲು ಇಟ್ಟಿದ್ದೆ. ಹೊರಗೆ ಎಳೆಬಿಸಿಲು ಇತ್ತು, ಅದನ್ನು ನಂಬಿ ಬಟ್ಟೆ ಹಾಕಿ ಬಂದಿದ್ದೆ. ಹಂಚಿನ ಮೇಲೆ ಪಟಪಟ ಸದ್ದು ಕೇಳಿದ್ದೇ ತಡ, ಬರಿಗಾಲಿನಲ್ಲಿ ಓಡಿದೆ. ಹಿಂಬಾಗಿಲ ಹೊಸ್ತಿಲು ದಾಟಿದ ಕೂಡಲೇ ಶಹಾಬಾದ್ ಕಲ್ಲಿನ ಪಾಚಿಯ ಮೇಲೆ ಕಾಲು ಜಾರಿತು. ಬಿದ್ದವಳಿಗೆ ಏಳಲು ಆಗಲಿಲ್ಲ. ಬಲಗೈ ಮಣಿಕಟ್ಟು ಆಗಲೇ ಊದಿಕೊಳ್ಳುತ್ತಿತ್ತು. ತಲೆಯ ಮೇಲೆ ಬಟ್ಟೆಗಳು ನೆನೆಯುತ್ತಿದ್ದವು, ಒಳಗೆ ಹಾಲು ಉಕ್ಕಿ ಸೀಯುತ್ತಿತ್ತು. ಕೊನೆಗೆ ನನ್ನನ್ನು ಕಾಪಾಡಿದ್ದು ಆ ಸೀದ ವಾಸನೆಯೇ. ಪಕ್ಕದ ಮನೆಯ ಸೊಸೆ ಗೋಡೆಯ ಮೇಲಿಂದ ಇಣುಕಿ, “ಅಕ್ಕಾವರೇ, ಒಲೆಯ ಮೇಲೆ ಏನಿಟ್ಟಿದ್ದೀರಿ?” ಎಂದು ಕೂಗಿದಳು. ಆಮೇಲೆ ಆರು ವಾರ ಪ್ಲಾಸ್ಟರಿನಲ್ಲಿದ್ದ ಕೈಯಿಂದ ರೊಟ್ಟಿ ಬಡಿಯಲಿಲ್ಲ.

ಅಂದಿನಿಂದ ಮಳೆ ಬಂದರೆ ನಾನು ಓಡುವುದಿಲ್ಲ. ಮೊದಲು ಒಲೆ ಆರಿಸುತ್ತೇನೆ, ಆಮೇಲೆ ಚಪ್ಪಲಿ ಮೆಟ್ಟುತ್ತೇನೆ, ಕೊನೆಗೆ ಬಟ್ಟೆಯ ಕಡೆ ಹೋಗುತ್ತೇನೆ. ಅಷ್ಟರಲ್ಲಿ ನೆನೆದರೆ ನೆನೆಯಲಿ. ಒಂಟಿಯಾಗಿರುವ ಹುಡುಗ ಹುಡುಗಿಯರಿಗೂ ನನ್ನ ವಯಸ್ಸಿನವರಿಗೂ ಮೊದಲು ಇದನ್ನೇ ಹೇಳುತ್ತೇನೆ. ಮಳೆಗಾಲದ ಕೆಲಸವೆಲ್ಲ ಮಳೆ ಬರುವ ಮೊದಲೇ ಆಗಿರಬೇಕು. ಮಳೆ ಬಂದ ಮೇಲೆ ಉಳಿಯುವುದು ನಿಧಾನವಾಗಿ ಮಾಡುವಂಥದ್ದು ಮಾತ್ರ ಇರಬೇಕು.

ನಮ್ಮ ಊರಿನಲ್ಲಿ ಇದು ಇನ್ನೂ ಮುಖ್ಯ. ಧಾರವಾಡ ಅತ್ತ ಪೂರ್ತಿ ಮಲೆನಾಡೂ ಅಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ದಾಂಡೇಲಿ, ಖಾನಾಪುರದ ಕಾಡು. ಪೂರ್ವಕ್ಕೆ ಹೋದಷ್ಟೂ ನವಲಗುಂದದ ಕಪ್ಪು ಎರೆಭೂಮಿ. ಸಹ್ಯಾದ್ರಿಯಲ್ಲಿ ಸುರಿದು ಉಳಿದ ಮೋಡ ನಮ್ಮ ಮೇಲೆ ಹಾದುಹೋಗುತ್ತದೆ. ಒಮ್ಮೆ ಸುರಿಸುತ್ತದೆ, ಒಮ್ಮೆ ಬರೀ ನೆರಳು ಕೊಟ್ಟು ಹೋಗುತ್ತದೆ. ಏಪ್ರಿಲ್–ಮೇನಲ್ಲಿ ಮಧ್ಯಾಹ್ನ ಕಾದ ನೆಲಕ್ಕೆ ಸಂಜೆ ಅಡ್ಡಮಳೆ ಬೀಳುತ್ತದೆ, ಜೊತೆಗೆ ಗಾಳಿ, ಕೆಲವೊಮ್ಮೆ ಆಲಿಕಲ್ಲು. ಜುಲೈಯಲ್ಲಿ ವಾರಗಟ್ಟಲೆ ಜಿಟಿಜಿಟಿ. ಅಕ್ಟೋಬರಿನಲ್ಲಿ ಹಗಲು ಸುಡು ಬಿಸಿಲು, ನಸುಕಿನಲ್ಲಿ ಹೊದಿಕೆ ಬೇಕೆನ್ನುವ ಚಳಿ.

ಬಟ್ಟೆಯ ವಿಷಯವನ್ನು ಮುಗಿಸಿಬಿಡುತ್ತೇನೆ. ಒಂಟಿಯಾಗಿರುವವರು ವಾರದ ಬಟ್ಟೆಯನ್ನು ಒಟ್ಟಿಗೆ ಒಗೆಯಬಾರದು. ದಿನಕ್ಕೆ ಒಂದು ಸೀರೆ, ಒಂದು ಕುಪ್ಪಸ, ಒಂದು ಟವೆಲ್ ಸಾಕು. ಒಂದು ತೋಳಿನ ಮೇಲೆ ಹಿಡಿಯುವಷ್ಟು ಬಟ್ಟೆ ಮಾತ್ರ ಹೊರಗಿರಲಿ. ಮನೆಯಿಂದ ಹೊರಗೆ ಹೋಗುವುದಿದ್ದರೆ ಆಕಾಶ ಎಷ್ಟೇ ನೀಲಿಯಾಗಿದ್ದರೂ ಪಡಸಾಲೆಯ ಹಗ್ಗಕ್ಕೇ ಹಾಕಿ; ಸುಭಾಷ್ ರಸ್ತೆಯಲ್ಲಿ ತರಕಾರಿ ಕೊಳ್ಳುವಾಗ ಮನೆಯ ಬಟ್ಟೆಯ ಚಿಂತೆ ಬೇಡ. ಜಿಟಿಜಿಟಿ ದಿನಗಳಲ್ಲಿ ಹಿಂಡಿದ ಕುಪ್ಪಸವನ್ನು ಒಣ ಟವೆಲಿನೊಳಗೆ ಸುರುಳಿ ಸುತ್ತಿ ಇನ್ನೊಮ್ಮೆ ತಿರುಚಿದರೆ ಅರ್ಧ ನೀರು ಟವೆಲಿಗೆ ಇಳಿಯುತ್ತದೆ. ಒಣಗಿದೆಯೋ ಇಲ್ಲವೋ ಎಂದು ಅಂಗೈಗೆ ತಿಳಿಯುವುದಿಲ್ಲ. ಹೊಲಿಗೆಯ ಜಾಗವನ್ನು ಕೆನ್ನೆಗೆ ಒತ್ತಿ ನೋಡಿ. ತಣ್ಣಗೆ ಕಂಡರೆ ಇನ್ನೂ ಹಸಿ ಇದೆ ಎಂದೇ ಅರ್ಥ. ಹಾಗೆಯೇ ಕಪಾಟಿಗೆ ಇಟ್ಟರೆ ಪಕ್ಕದ ನಾಲ್ಕು ಬಟ್ಟೆಗೂ ಮುಗ್ಗಲು ವಾಸನೆ ಹಿಡಿಯುತ್ತದೆ. ಒಣಹಾಕಲು ಕಬ್ಬಿಣದ ತಂತಿ ಬೇಡವೇ ಬೇಡ. ಮಳೆಯಲ್ಲಿ ಅದು ಎಲ್ಲಿಯಾದರೂ ವಿದ್ಯುತ್ ತಂತಿಗೆ ತಗುಲಿದ್ದರೆ ಒದ್ದೆ ಕೈಯಲ್ಲಿ ಮುಟ್ಟಿದವರ ಜೀವ ಹೋಗುತ್ತದೆ. ನೈಲಾನ್ ಹಗ್ಗ ಕಟ್ಟಿಕೊಳ್ಳಿ.

ಪಾಚಿಯನ್ನು ಮೃಗಶಿರಕ್ಕೆ ಮೊದಲೇ, ಅಂದರೆ ಜೂನ್ ಮೊದಲ ವಾರದೊಳಗೆ, ಬ್ಲೀಚಿಂಗ್ ಪುಡಿ ಹಾಕಿ ತೆಂಗಿನ ನಾರಿನ ಬ್ರಷ್‌ನಿಂದ ತಿಕ್ಕಿಸಿ. ಶ್ರಾವಣದಲ್ಲಿ ಇನ್ನೊಮ್ಮೆ. ದುಡ್ಡು ಕೊಟ್ಟು ಮಾಡಿಸಿದರೂ ಸರಿ. ಒಡೆದ ಹಂಚು ಬದಲಿಸುವವರನ್ನೂ ಆಗಲೇ ಕರೆಸಿ; ಮಳೆ ಹಿಡಿದ ಮೇಲೆ ಅವರು ಸಿಗುವುದಿಲ್ಲ.

ಇನ್ನು ರಂಗೋಲಿಯ ಸಂಗತಿ. ನಾನು ಬೆಳಿಗ್ಗೆ ಆರೂವರೆಗೆ ಬಾಗಿಲ ಮುಂದೆ ರಂಗೋಲಿ ಹಾಕುತ್ತೇನೆ. ಅದನ್ನು ನೋಡಿಯೇ ಎದುರು ಮನೆಯವರು ನಾನು ಎದ್ದಿದ್ದೇನೆ, ಚೆನ್ನಾಗಿದ್ದೇನೆ ಎಂದು ತಿಳಿಯುತ್ತಿದ್ದರಂತೆ. ಇದು ನನಗೆ ಗೊತ್ತೇ ಇರಲಿಲ್ಲ. ಕೈ ಮುರಿದಾಗ ಅವರೇ ಹೇಳಿದರು: “ಮಳೆಗಾಲದಲ್ಲಿ ನಿಮ್ಮ ರಂಗೋಲಿ ಇರುವುದಿಲ್ಲ, ನಮಗೆ ಏನೂ ತಿಳಿಯುವುದಿಲ್ಲ.” ಒಂಟಿಯಾಗಿರುವವರಿಗೆ ಸುತ್ತಲಿನವರ ಕಣ್ಣು ಹೆಚ್ಚು ಬೇಕಾಗುವುದು ಮಳೆಯಲ್ಲಿ, ಬಾಗಿಲುಗಳೆಲ್ಲ ಮುಚ್ಚಿ ಆ ಕಣ್ಣು ತಪ್ಪುವುದೂ ಮಳೆಯಲ್ಲೇ. ಆದ್ದರಿಂದ ನಾವು ಮಳೆಗಾಲಕ್ಕೆ ಬೇರೆ ಗುರುತು ಮಾಡಿಕೊಂಡೆವು. ಏಳು ಗಂಟೆಯೊಳಗೆ ರಸ್ತೆಯ ಕಡೆಯ ಕಿಟಕಿಯ ಒಂದು ಕದ ತೆರೆಯುತ್ತೇನೆ. ತೆರೆಯದಿದ್ದರೆ ಅವರು ಫೋನ್ ಮಾಡುತ್ತಾರೆ, ಎತ್ತದಿದ್ದರೆ ಬರುತ್ತಾರೆ. ಬಾಗಿಲಿನ ಇನ್ನೊಂದು ಕೀಲಿ ಅವರ ಬಳಿ ಇದೆ. ಇದನ್ನು ಬಾಯಿ ಬಿಟ್ಟು ಕೇಳಲು ನನಗೆ ಎರಡು ದಿನ ಸಂಕೋಚವಾಯಿತು. ನೀವು ಸಂಕೋಚಪಡಬೇಡಿ. ಊರು ಬಿಟ್ಟು ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗರಿಗೂ ಇದು ಬೇಕು; ಜ್ವರ ಬಂದು ಮಲಗಿದಾಗ ಬಾಗಿಲು ತಟ್ಟುವವರು ಒಬ್ಬರಿರಬೇಕು.

ಅಡುಗೆಮನೆಗೆ ಬನ್ನಿ. ಒಬ್ಬರ ಅಡುಗೆ ಚಿಕ್ಕದು, ಆದರೆ ಹವೆಗೆ ಕೆಡುವ ಸಾಮಾನು ಹೆಚ್ಚು, ಏಕೆಂದರೆ ತಂದದ್ದು ಬೇಗ ಖರ್ಚಾಗುವುದಿಲ್ಲ. ಜೋಳದ ಹಿಟ್ಟನ್ನೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಗಿರಣಿಯಿಂದ ತಿಂಗಳಿಗಾಗುವಷ್ಟು ಬೀಸಿಸಿಕೊಂಡು ಬರಬಹುದು. ಮಳೆಗಾಲದಲ್ಲಿ ಒಂದೇ ಕಿಲೋ ಬೀಸಿಸಿ. ಹಿಟ್ಟು ಹಳೆಯದಾದಷ್ಟೂ ಜಿಗುಟು ಕಳೆದುಕೊಳ್ಳುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ಬಾಯಿಗೆ ಕಹಿಯೂ ಬರುತ್ತದೆ. ಗಿರಣಿಯವರು ಒಂದು ಕಿಲೋ ಬೀಸಲು ಬೇಸರಿಸಿದರೆ ಪಕ್ಕದ ಮನೆಯವರ ಜೋಳದೊಂದಿಗೆ ಸೇರಿಸಿ ಕಳಿಸಿ. ಬಡಿಯಲಾಗದ ದಿನಕ್ಕೆಂದು ಶಿವರಾತ್ರಿಯ ಬಿಸಿಲಿನಲ್ಲಿ ಒಂದಿಷ್ಟು ಖಡಕ್ ರೊಟ್ಟಿ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಬೇಸಿಗೆಯಲ್ಲಿ ಬಿದಿರಿನ ಬುಟ್ಟಿ ಸಾಕು. ಮೋಡ ಕಟ್ಟುತ್ತಿದ್ದಂತೆ ಬಿಗಿಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಆದರೂ ಮೆತ್ತಗಾದರೆ ಬಿಸಾಡಬೇಡಿ, ಬರೀ ತವೆಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕಟುಂ ಎನ್ನುತ್ತದೆ. ಚುರುಮುರಿ, ಅವಲಕ್ಕಿಗೂ ಇದೇ ಉಪಾಯ.

ಬ್ಯಾಡಗಿ ಮೆಣಸಿನಕಾಯಿಯನ್ನು ಅಡ್ಡಮಳೆ ಶುರುವಾಗುವ ಮೊದಲೇ ಬಿಸಿಲಿಗೆ ಗಲಗಲ ಎನ್ನುವಂತೆ ಒಣಗಿಸಿ ಖಾರ ಕುಟ್ಟಿಸಿಬಿಡಿ. ತೊಗರಿಬೇಳೆಯನ್ನೂ ಆ ಬಿಸಿಲಿಗೇ ಹಾಕಿ, ಆರಿದ ಮೇಲೆ ಕಿಲೋಗೆ ಒಂದು ಚಮಚ ಔಡಲೆಣ್ಣೆ (ಹರಳೆಣ್ಣೆ) ಸವರಿ ಡಬ್ಬಿಗೆ ತುಂಬಿದರೆ ಹುಳು ಬೀಳುವುದಿಲ್ಲ. ಬೇಯಿಸುವಾಗ ತೊಳೆದರೆ ಎಣ್ಣೆ ಹೋಗುತ್ತದೆ. ಆರಿದ ಮೇಲೆ ಎಂಬ ಮಾತು ಮರೆಯಬೇಡಿ. ಬಿಸಿ ಇರುವಾಗಲೇ ಮುಚ್ಚಿದರೆ ಡಬ್ಬಿಯ ಒಳಗೇ ಬೆವರಿ ಮುಗ್ಗುತ್ತದೆ. ರವೆಯನ್ನು ಹುರಿದಿಡಿ. ಉಪ್ಪು ಭರಣಿಯಲ್ಲಿರಲಿ, ಒದ್ದೆ ಚಮಚ ಹಾಕಬೇಡಿ.

ಹವೆ ಬದಲಾದದ್ದು ಎಲ್ಲಕ್ಕಿಂತ ಮೊದಲು ತಿಳಿಯುವುದು ಮೊಸರಿಗೆ. ಏಪ್ರಿಲಿನಲ್ಲಿ ರಾತ್ರಿ ಹೆಪ್ಪು ಹಾಕಿದ ಕಾಲು ಲೀಟರ್ ಹಾಲು ಬೆಳಗಾಗುವಷ್ಟರಲ್ಲಿ ಹುಳಿಯಾಗಿ ನೀರು ಬಿಟ್ಟಿರುತ್ತದೆ. ಡಿಸೆಂಬರಿನಲ್ಲಿ ಅದೇ ಹಾಲು ಮಧ್ಯಾಹ್ನವಾದರೂ ಹಾಲೇ. ಕಿರುಬೆರಳು ಅದ್ದಿ ನೋಡಿ. ಸೆಕೆ ಇದ್ದರೆ ಹಾಲು ಪೂರ್ತಿ ಆರಿರಲಿ, ಹೆಪ್ಪು ನಾಲ್ಕು ಹನಿ ಸಾಕು. ಚಳಿ ಇದ್ದರೆ ಬೆರಳಿಗೆ ಹಿತವಾಗುವ ಬಿಸಿ ಇರಲಿ, ಹೆಪ್ಪು ಒಂದು ಚಮಚ, ಪಾತ್ರೆಗೆ ಹಳೆಯ ಟವೆಲ್ ಸುತ್ತಿ ಅಕ್ಕಿ ಡಬ್ಬಿಯೊಳಗೆ ಹುದುಗಿಸಿಡಿ. ಒಬ್ಬರಿಗೆ ಬೇಕಾದ ಸ್ವಲ್ಪ ಹಾಲು ಬೇಗ ತಣ್ಣಗಾಗುತ್ತದೆ, ಅದಕ್ಕೇ ಈ ಆರೈಕೆ.

ಸಂಜೆ ನಾಲ್ಕಕ್ಕೆ ಪಶ್ಚಿಮದಲ್ಲಿ ಮೋಡ ಕಪ್ಪಾದರೆ ನಾನು ಮೊಬೈಲ್ ಚಾರ್ಜಿಗೆ ಹಾಕುತ್ತೇನೆ, ಎರಡು ಕೊಡ ನೀರು ತುಂಬುತ್ತೇನೆ, ರಾತ್ರಿಯ ಸಾರು ಆಗಲೇ ಮಾಡಿಬಿಡುತ್ತೇನೆ. ಬ್ಯಾಟರಿ ದೀಪ ಹಾಸಿಗೆಯ ತಲೆಯ ಕಡೆಯ ಮೊಳೆಗೆ ನೇತಾಡುತ್ತಿರುತ್ತದೆ. ಹಗಲಿನಲ್ಲಿ ಬಳಸಿದರೂ ಅದೇ ಮೊಳೆಗೆ ವಾಪಸು. ಕತ್ತಲಲ್ಲಿ “ಎಲ್ಲಿಟ್ಟೆ?” ಎಂದು ಕೇಳಲು ಯಾರೂ ಇಲ್ಲ. ಮಿಂಚಲು ಶುರುವಾಗುವ ಮೊದಲೇ ಟಿ.ವಿ., ಫ್ರಿಜ್‌ಗಳ ಪ್ಲಗ್ ಕಿತ್ತಿಡಿ. ಮಿಂಚಿದ ಮೇಲೆ ಎಣಿಸಿ. ಶಬ್ದಕ್ಕೆ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೇ ಇದೆ. ಆಗ ಹೊರಗಿನ ಬಟ್ಟೆ ತರಲು ಹೋಗಬೇಡಿ, ನಲ್ಲಿಯ ಕೆಳಗೆ ಪಾತ್ರೆ ತೊಳೆಯಬೇಡಿ, ಸ್ನಾನ ಬೇಡ. ಕೊನೆಯ ಗುಡುಗಾಗಿ ಅರ್ಧ ಗಂಟೆ ಒಳಗೇ ಇರಿ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿರುವ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ನನ್ನ ಮೊಬೈಲಿಗೆ ಹಾಕಿಸಿಕೊಂಡಿದ್ದೇನೆ.

ನೀರು ತುಂಬಿಡುವವರು ಒಂದು ಮಾತು ನೆನಪಿಡಿ. ಡೆಂಗಿ ಹರಡುವ ಸೊಳ್ಳೆ ನಿಂತ ಒಳ್ಳೆಯ ನೀರಿನಲ್ಲೇ ಮೊಟ್ಟೆ ಇಡುತ್ತದೆ. ಎಂಟು ಹತ್ತು ದಿನಗಳಲ್ಲಿ ಮೊಟ್ಟೆ ಸೊಳ್ಳೆಯಾಗುತ್ತದೆ. ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಉಳಿಯುತ್ತದೆ. ವಾರಕ್ಕೊಮ್ಮೆ ತಿಕ್ಕಿ ತೊಳೆದು ಮುಚ್ಚಳ ಹಾಕಿ.

ಚಳಿಗೆ ಹೆದರಿ ಎಲ್ಲವನ್ನೂ ಮುಚ್ಚುವ ರೂಢಿ ಅಪಾಯ. ಮುಚ್ಚಿದ ಕೋಣೆಯಲ್ಲಿ ಶೇಗಡಿಯ ಕೆಂಡ ಇಟ್ಟುಕೊಂಡು ಮಲಗಬೇಡಿ. ಬಚ್ಚಲಮನೆಯೊಳಗೆ ಗ್ಯಾಸ್ ಗೀಸರ್ ಇದ್ದರೆ ಮಳೆ ಗಾಳಿ ಬರುತ್ತದೆಂದು ಗವಾಕ್ಷಿಗೆ ಬಟ್ಟೆ ತುರುಕಬೇಡಿ. ಕೆಂಡದಿಂದಲೂ ಗ್ಯಾಸಿನಿಂದಲೂ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ಮೊದಲು ತಲೆ ಭಾರ, ಆಮೇಲೆ ಮಂಪರು. ಮಂಪರು ಬಂದವರನ್ನು ಹೊರಗೆಳೆಯಲು ಒಂಟಿ ಮನೆಯಲ್ಲಿ ಯಾರಿದ್ದಾರೆ? ನೀರನ್ನು ಹೊರಗೆ ಕಾಯಿಸಿ ಒಯ್ಯುವುದೇ ಮೇಲು, ಅರ್ಧ ಬಕೆಟ್‌ನಂತೆ ಎರಡು ಸಲ.

ಬಿಸಿಲಿನ ಮಾತು ಚಿಕ್ಕದು. ವಯಸ್ಸಾದಂತೆ ಬಾಯಾರಿಕೆ ಸರಿಯಾಗಿ ತಿಳಿಯುವುದಿಲ್ಲ. ತಂಬಿಗೆ ಕಣ್ಣೆದುರು ಇಟ್ಟುಕೊಂಡು ಮಧ್ಯಾಹ್ನದೊಳಗೆ ಎರಡು ಸಲ ಬರಿದು ಮಾಡಿ.

2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕಕ್ಕೆಲ್ಲ ನೆರೆ ಬಂದಾಗ ನಮ್ಮ ಓಣಿಯಲ್ಲಿ ಎರಡು ಮಣ್ಣಿನ ಗೋಡೆ ಕುಸಿದವು. ನನ್ನ ಮನೆ ಉಳಿಯಿತು, ಆದರೆ ಗೂಡಿನಲ್ಲಿದ್ದ ಪಿಂಚಣಿ ಪುಸ್ತಕ, ಮನೆಯವರ ಪಟ ಎರಡೂ ನೆನೆದವು. ಪುಸ್ತಕ ಹೊಸದು ಸಿಕ್ಕಿತು, ಪಟ ಸಿಗಲಿಲ್ಲ. ಈಗ ಕಾಗದಪತ್ರ, ಔಷಧದ ಚೀಟಿ, ಪಟ ಎಲ್ಲವೂ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಟ್ರಂಕಿನ ಎಲ್ಲಕ್ಕಿಂತ ಮೇಲೆ ಇವೆ. ನೀವು ಇಂದೇ ಹಾಗೆ ಮಾಡಿ.

ಎಂಟು ದಿನ ಸೂರ್ಯ ಕಾಣದಿದ್ದರೆ ಮನಸ್ಸು ಕುಗ್ಗುತ್ತದೆ. ಅದಕ್ಕೆ ನಾನು ಆ ದಿನಗಳಿಗೆಂದೇ ಕೌದಿ ಕೆಲಸ ಇಟ್ಟುಕೊಂಡಿದ್ದೇನೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡು ಬಟ್ಟೆ ಜೋಡಿಸಿ, ಆಕಾಶವಾಣಿ ಧಾರವಾಡ ಹಚ್ಚಿಕೊಂಡು, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತಾ ಹೋಗುತ್ತೇನೆ. ಮಧ್ಯಾಹ್ನ ಮೂರಕ್ಕೆ ಪಕ್ಕದ ಮನೆಯ ಸೊಸೆ ಇನ್ನೊಂದು ಅಂಚು ಹಿಡಿದು ಕೂರುತ್ತಾಳೆ. ಮಳೆ ಬರಲಿ, ಬಿಡಲಿ, ಮೂರು ಗಂಟೆಗೆ ಬರುವ ಒಬ್ಬರನ್ನು ಗೊತ್ತು ಮಾಡಿಕೊಳ್ಳಿ.

ಆ ಕೌದಿಯನ್ನು ಮಳೆಗಾಲದಲ್ಲಿ ಒಗೆಯಬೇಡಿ. ನೀರು ಕುಡಿದ ಕೌದಿಯನ್ನು ಒಬ್ಬರಿಂದ ಎತ್ತಲು ಆಗುವುದಿಲ್ಲ. ದಸರೆಯ ಬಿಸಿಲು ಬರಲಿ. ಕಲ್ಲಿನ ಮೇಲೆಯೇ ಅರ್ಧರ್ಧ ನೆನೆಸಿ ತಿಕ್ಕಿ, ಅಲ್ಲಿಯೇ ನೀರು ಬಸಿಯಲು ಬಿಟ್ಟು, ಹಗುರಾದ ಮೇಲೆ ಹಗ್ಗಕ್ಕೆ ಹಾಕಿ. ಒಣಗಿದ ಮೇಲೆ ಕೆಳಗಿಳಿಸಿ ಮಡಚಲು ಹೋಗಬೇಡಿ, ಅದು ಇಬ್ಬರ ಕೆಲಸ. ಹಗ್ಗದ ಮೇಲಿರುವಾಗಲೇ ಎರಡೂ ತುದಿ ಸಮ ಮಾಡಿ, ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಸುತ್ತಾ ಮಡಿಕೆ ಮಾಡಿ, ಕೊನೆಗೆ ಮಗುವನ್ನು ಎತ್ತಿಕೊಳ್ಳುವಂತೆ ಎರಡು ತೋಳಿನಲ್ಲಿ ಎತ್ತಿ ಒಳಗೆ ತನ್ನಿ.