ಪಿನ್‌ಕೋಡ್ ಒಡೆದು ನೋಡಿದಾಗ: ನನ್ನ ಅನುಭವ

ನಮ್ಮ ಕಲಬುರಗಿಯ ಪಿನ್‌ಕೋಡ್ 585101. ವಿಳಾಸದ ಕೊನೆಗೆ ಬರೆದು ಮರೆತುಬಿಡುವ ಅಂಕಿ ಇದು. ಆದರೆ ಸಂಖ್ಯೆಗಳ ಹುಚ್ಚಿರುವವರಿಗೆ ಆರಂಕಿಯ ಸಂಖ್ಯೆ ಕಂಡರೆ ಸುಮ್ನೆ ಇರಲು ಆಗುತ್ತದಾ? ಇದನ್ನು ಕ್ಯಾಲ್ಕುಲೇಟರ್ ಮುಟ್ಟದೆ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಡೆಯಬೇಕು ಅಂತ ಕೂತೆ.

2, 3, 5 ನೋಡಿದ ಕೂಡಲೇ ಬಿಟ್ಟುಹೋಗುತ್ತವೆ. ಆಮೇಲೆ 7, 11, 13ರಿಂದ ಒಂದೊಂದಾಗಿ ಭಾಗಿಸುವ ಕೆಲಸ ಬೇಡ. ಮೂರನ್ನೂ ಗುಣಿಸಿದರೆ 1001 ಬರುತ್ತದೆ. ಹಾಗಾಗಿ ಸಂಖ್ಯೆಯನ್ನು ಮೂರು ಮೂರು ಅಂಕಿಗೆ ಕತ್ತರಿಸಿ ಕಳೆದರೆ ಸಾಕು: 585−101=484. ಇದು 11ರಿಂದ ಭಾಗವಾಗುತ್ತದೆ, 7 ಮತ್ತು 13ರಿಂದ ಆಗುವುದಿಲ್ಲ. 585101 ಅಂದರೆ 585×1001−484, ಹಾಗಾಗಿ ಮೂಲ ಸಂಖ್ಯೆಯದ್ದೂ ಅದೇ ಕಥೆ. 11ರಿಂದ ಭಾಗಿಸಿದೆ, 53191 ಉಳಿಯಿತು. ಅದು ಮತ್ತೆ 11ಕ್ಕೆ ಬಗ್ಗಲಿಲ್ಲ. 17, 19, 23 ಅಂತ ಮುಂದೆ ಹೋದೆ. 43ಕ್ಕೆ ಸಿಕ್ಕಿತು: 43×1237. ಈ 1237ಕ್ಕೆ 43ಕ್ಕಿಂತ ಚಿಕ್ಕ ಅಪವರ್ತನ ಇಲ್ಲ ಅಂತ ಆಗಲೇ ಗೊತ್ತಾಗಿತ್ತು. 43ರ ವರ್ಗ 1849. 1237 ಅದಕ್ಕಿಂತ ಚಿಕ್ಕದು, ಹಾಗಾಗಿ ಅವಿಭಾಜ್ಯವೇ.

ಅಂದರೆ 585101=11×43×1237. ಮೂರು ಬೇರೆ ಬೇರೆ ಅವಿಭಾಜ್ಯಗಳ ಇಂಥ ಗುಣಲಬ್ಧಕ್ಕೆ ಸ್ಫೆನಿಕ್ ಸಂಖ್ಯೆ ಅನ್ನುತ್ತಾರೆ. ಒಟ್ಟು ಅಪವರ್ತನಗಳು 8. 585101ನ್ನೇ ಬಿಟ್ಟು ಉಳಿದ 7 ಕೂಡಿಸಿದರೆ ಬರೀ 68563. ಪರಿಪೂರ್ಣ ಸಂಖ್ಯೆಯಾಗಲು ಈ ಮೊತ್ತ 585101 ಆಗಬೇಕಿತ್ತು. ಬಹಳ ದೂರ ಉಳಿಯಿತು.

ಮುಂದಿನದು ಬೀದರ್, 585401. ಇಲ್ಲಿ 1001ರ ಉಪಾಯಕ್ಕೆ ಏನೂ ಸಿಗಲಿಲ್ಲ. ಅದರ ಅಣ್ಣ ಒಂದಿದೆ: 10001=73×137. ಈ ಸಲ ನಾಲ್ಕು ಅಂಕಿಗೆ ಕತ್ತರಿಸಬೇಕು. 5401−58=5343, ಅಂದರೆ 137×39. ಸಿಕ್ಕೇಬಿಟ್ಟಿತು! ಒಂದೊಂದೇ ಅವಿಭಾಜ್ಯ ಹಿಡಿದು 137ರವರೆಗೆ ನಡೆಯುವ ಕಷ್ಟ ತಪ್ಪಿತು. 585401=137×4273. 4273 ಅವಿಭಾಜ್ಯ ಅಂತ ಖಾತ್ರಿ ಮಾಡಲು 61ರವರೆಗೆ ಭಾಗಿಸಬೇಕು, ಅದಕ್ಕೆ ಅಡ್ಡದಾರಿ ನನಗೆ ಸಿಗಲಿಲ್ಲ.

ಈ 137 ನಮ್ಮ ಭಾಗಕ್ಕೆ ಹೊಸದೇನಲ್ಲ. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಗಣಿತಜ್ಞ ಮಹಾವೀರಾಚಾರ್ಯರು ಹೂವಿನ ಹಾರದ ಹಾಗೆ ಎರಡೂ ಕಡೆಯಿಂದ ಒಂದೇ ರೀತಿ ಕಾಣುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. ಅದರಲ್ಲಿ ಒಂದು 152207×73=11111111. ಆ 152207 ಒಡೆದರೆ 11×101×137!

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ವರ್ಗಗಳ ಲೆಕ್ಕ. 137 ಮತ್ತು 4273 ಎರಡನ್ನೂ 4ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಲು ಆಗೇ ಆಗುತ್ತದೆ. 137=11²+4², ಇದು ಸುಲಭ. 4273ಕ್ಕೆ 65ರ ವರ್ಗದಿಂದ ಶುರು ಮಾಡಿ ಒಂದೊಂದೇ ವರ್ಗ ಕಳೆಯುತ್ತಾ ಇಳಿದೆ. 57ರ ವರ್ಗ ಕಳೆದಾಗ 1024 ಉಳಿಯಿತು, ಅದು 32². ಇಂಥ ಎರಡು ಮೊತ್ತಗಳ ಗುಣಲಬ್ಧವನ್ನೂ ಎರಡು ವರ್ಗಗಳ ಮೊತ್ತವಾಗಿ ಬರೆಯುವ ಸೂತ್ರ ಬ್ರಹ್ಮಗುಪ್ತರದ್ದು. ಇವೆರಡನ್ನೂ ಅದರಲ್ಲಿ ಗುಣಿಸಿದರೆ ಬೀದರ್ ಎರಡು ರೀತಿಯಲ್ಲಿ ಬರುತ್ತದೆ: 755²+124² ಮತ್ತು 499²+580². ಕೂಡಿಸಿ ನೋಡಿ, ಎರಡೂ 585401.

ನಮ್ಮ ಕಲಬುರಗಿಗೆ ಮಾತ್ರ ಈ ಭಾಗ್ಯ ಇಲ್ಲ. 11ನ್ನು 4ರಿಂದ ಭಾಗಿಸಿದರೆ ಶೇಷ 3, ಮೇಲಾಗಿ 585101ರಲ್ಲಿ ಅದು ಒಂದೇ ಸಲ ಬರುತ್ತದೆ. ಅಷ್ಟಾದರೆ ಮುಗಿಯಿತು, ಎಷ್ಟೇ ಹುಡುಕಿದರೂ ಅಂಥ ಎರಡು ವರ್ಗ ಸಿಗುವುದಿಲ್ಲ.