ಓಮ್ ನಿಯಮ ಪಾಲಿಸದ ಘಟಕಗಳಲ್ಲಿ ವಿದ್ಯುತ್ ಸಾಮರ್ಥ್ಯವನ್ನು ಲೆಕ್ಕ ಹಾಕುವ ಕ್ರಮ

ಪಿಯುಸಿ ಪ್ರಯೋಗಾಲಯದಲ್ಲಿ ಲೋಹದ ತಂತಿಯೊಂದಕ್ಕೆ ವೋಲ್ಟೇಜನ್ನು ಹಂತಹಂತವಾಗಿ ಏರಿಸುತ್ತ ಪ್ರವಾಹವನ್ನು ಅಳೆದರೆ ನಕ್ಷೆಯಲ್ಲಿ ನೇರ ಗೆರೆ ಬರುತ್ತದೆ. ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಹೇಳುವುದು ಇದನ್ನೇ. ಆದರೆ ತಂತಿಯ ತಾಪ ಬದಲಾಗಬಾರದು ಎಂಬ ಷರತ್ತು ಅದಕ್ಕಿದೆ. ಅದೇ ಜಾಗದಲ್ಲಿ ತಂತುವಿನ ಬಲ್ಬನ್ನೋ ಎಲ್‌ಇಡಿಯನ್ನೋ ಇಟ್ಟರೆ ಗೆರೆ ಬಾಗುತ್ತದೆ, ಮತ್ತು ಹೆಚ್ಚಿನ ವಿದ್ಯಾರ್ಥಿಗಳ ಲೆಕ್ಕ ತಪ್ಪುವುದು ಅಲ್ಲಿಯೇ. ವೋಲ್ಟೇಜನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ ಸಿಗುತ್ತದೆ ಎಂಬ ಮಾತು ಎಲ್ಲ ಘಟಕಗಳಿಗೂ ನಿಜ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸುವ ಸೂತ್ರ ಮಾತ್ರ, ಆ ರೋಧ ಅದೇ ವೋಲ್ಟೇಜಿನಲ್ಲಿ ಅಳೆದದ್ದಾಗಿದ್ದರಷ್ಟೇ ನಿಜ.

ಇದನ್ನು ಕಣ್ಣಾರೆ ನೋಡಲು ದುಬಾರಿ ಸಲಕರಣೆ ಬೇಕಿಲ್ಲ. ದಾವಣಗೆರೆಯ ಯಾವುದೇ ಆಟೋ ಬಿಡಿಭಾಗದ ಅಂಗಡಿಯಲ್ಲಿ 12 ವೋಲ್ಟ್, 5 ವ್ಯಾಟ್‌ನ ಪಾರ್ಕಿಂಗ್ ಬಲ್ಬ್ ಕಡಿಮೆ ಬೆಲೆಗೆ ಸಿಗುತ್ತದೆ. ಕೇಳುವಾಗ ಎಲ್‌ಇಡಿ ಬೇಡ, ತಂತುವಿನದೇ ಬೇಕೆಂದು ಹೇಳಿ. ಜೊತೆಗೆ 12 ವೋಲ್ಟ್ ಬ್ಯಾಟರಿ, ರಿಯೋಸ್ಟಾಟ್ (ಎರಡು ಸ್ಥಿರ ತುದಿ ಮತ್ತು ಒಂದು ಜಾರುವ ತುದಿ ಇರುವ, ರೋಧ ಬದಲಿಸಬಹುದಾದ ರೋಧಕ), ಎರಡು ಮಲ್ಟಿಮೀಟರ್ ಮತ್ತು ಬ್ಯಾಟರಿಯ ಧನ ತುದಿಗೆ ಹಾಕಲು 2 ಆಂಪಿಯರ್‌ನ ಫ್ಯೂಸ್ ಸಾಕು. ಮನೆಯ 230 ವೋಲ್ಟ್ ಸಾಲಿನಲ್ಲಿ ಈ ಪ್ರಯೋಗವನ್ನು ಖಂಡಿತ ಮಾಡಬಾರದು.

ಮೊದಲು ಬಲ್ಬನ್ನು ಯಾವುದಕ್ಕೂ ಜೋಡಿಸದೆ ಮಲ್ಟಿಮೀಟರಿನ ಓಮ್ ಶ್ರೇಣಿಯಲ್ಲಿ ಅಳೆಯಿರಿ. ಎರಡೂವರೆ ಓಮ್‌ನ ಆಸುಪಾಸಿನ ಮೌಲ್ಯ ಕಾಣುತ್ತದೆ. ಇದನ್ನೇ ನಂಬಿ 12ರ ವರ್ಗವನ್ನು ಭಾಗಿಸಿದರೆ ಸುಮಾರು 58 ವ್ಯಾಟ್ ಬರುತ್ತದೆ. ಬಲ್ಬಿನ ಮೇಲೆ ಬರೆದಿರುವುದು 5 ವ್ಯಾಟ್. ಮೀಟರೂ ಸುಳ್ಳಲ್ಲ, ಬಲ್ಬಿನ ಮೇಲಿನ ಬರಹವೂ ಸುಳ್ಳಲ್ಲ. ಮೀಟರು ಅಳೆದದ್ದು ತಣ್ಣಗಿನ ಟಂಗ್‌ಸ್ಟನ್ ತಂತುವನ್ನು. ಉರಿಯುವಾಗ ಅದರ ತಾಪ ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ರೋಧ ಹತ್ತು ಪಟ್ಟಿಗಿಂತ ಹೆಚ್ಚಾಗಿ ಸುಮಾರು 29 ಓಮ್ ಮುಟ್ಟುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟುಹೋಗುವುದಕ್ಕೂ, ಆ ಕ್ಷಣದಲ್ಲಿ ತಣ್ಣಗಿನ ತಂತುವಿನಲ್ಲಿ ನುಗ್ಗುವ ಭಾರೀ ಪ್ರವಾಹವೇ ಕಾರಣ.

ಈಗ ರಿಯೋಸ್ಟಾಟಿನ ಎರಡು ಸ್ಥಿರ ತುದಿಗಳನ್ನು ಬ್ಯಾಟರಿಗೆ ಜೋಡಿಸಿ, ಜಾರುವ ತುದಿ ಮತ್ತು ಋಣ ತುದಿಯ ನಡುವೆ ಬಲ್ಬನ್ನು ಇಡಿ. ಒಂದು ಮೀಟರು ಬಲ್ಬಿನೊಂದಿಗೆ ಸರಣಿಯಲ್ಲಿ, ಪ್ರವಾಹ ಅಳೆಯುವ ದೊಡ್ಡ ಶ್ರೇಣಿಯಲ್ಲಿರಲಿ. ಇನ್ನೊಂದು ನೇರವಾಗಿ ಬಲ್ಬಿನ ಎರಡು ತುದಿಗಳಿಗೆ ಸಮಾಂತರವಾಗಿರಲಿ. ಜಾರುವ ತುದಿಯನ್ನು ಸೊನ್ನೆಯಿಂದ ನಿಧಾನವಾಗಿ ಸರಿಸಿ, ಪ್ರತಿ ಸಲವೂ ಬೆಳಕು ಸ್ಥಿರವಾದ ಮೇಲೆ ಎರಡೂ ಮೀಟರುಗಳನ್ನು ಒಟ್ಟಿಗೇ ಓದಿ. 2 ವೋಲ್ಟ್‌ನಲ್ಲಿ ಸುಮಾರು 0.16 ಆಂಪಿಯರ್, 6 ವೋಲ್ಟ್‌ನಲ್ಲಿ ಸುಮಾರು 0.28, 12 ವೋಲ್ಟ್‌ನಲ್ಲಿ ಸುಮಾರು 0.42 ಬರಬೇಕು. 6 ವೋಲ್ಟ್‌ನ ಸಾಲನ್ನು ಗಮನವಿಟ್ಟು ನೋಡಿ. ವೋಲ್ಟೇಜ್ ಅರ್ಧವಾದಾಗ ಸಾಮರ್ಥ್ಯ ಕಾಲು ಭಾಗಕ್ಕೆ, ಅಂದರೆ 1.25 ವ್ಯಾಟ್‌ಗೆ ಇಳಿಯಬೇಕೆಂದು ಸ್ಥಿರ ರೋಧದ ಲೆಕ್ಕ ಹೇಳುತ್ತದೆ. ಗುಣಿಸಿ ನೋಡಿದರೆ 1.7 ವ್ಯಾಟ್ ಇದೆ. ಇಂಥ ಎರಡು ಬಲ್ಬುಗಳನ್ನು 12 ವೋಲ್ಟ್‌ಗೆ ಸರಣಿಯಲ್ಲಿ ಜೋಡಿಸಿದಾಗಲೂ ಪ್ರತಿಯೊಂದಕ್ಕೆ ಸಿಗುವುದು ಇಷ್ಟೇ, ಆದ್ದರಿಂದ ಪರೀಕ್ಷೆಯಲ್ಲಿ ಬಲ್ಬಿನ ರೋಧ ಸ್ಥಿರವೆಂದು ಭಾವಿಸಿ ಎಂದು ಪ್ರಶ್ನೆಯೇ ಹೇಳದ ಹೊರತು ಹಾಗೆ ಭಾವಿಸುವುದು ಸರಿಯಲ್ಲ.

ಎಲ್‌ಇಡಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಕೆಂಪು ಎಲ್‌ಇಡಿ ಸುಮಾರು 1.6 ವೋಲ್ಟ್‌ವರೆಗೆ ಬಹುತೇಕ ಏನನ್ನೂ ಹರಿಯಗೊಡುವುದಿಲ್ಲ. 2 ವೋಲ್ಟ್ ಸಮೀಪಿಸುತ್ತಿದ್ದಂತೆ ಪ್ರವಾಹ ಕಡಿದಾಗಿ ಏರುತ್ತದೆ. ಅದರ ರೋಧ ಎಷ್ಟು ಎಂದು ಕೇಳುವುದಕ್ಕಿಂತ, ಅದು 2 ವೋಲ್ಟ್ ಹಿಡಿದುಕೊಳ್ಳುತ್ತದೆ ಎಂದು ಭಾವಿಸಿ ಉಳಿದ ವೋಲ್ಟೇಜನ್ನು ರೋಧಕಕ್ಕೆ ಬಿಡುವುದು ಒಳ್ಳೆಯ ಕ್ರಮ. ರೋಧಕವಿಲ್ಲದೆ ನೇರವಾಗಿ 12 ವೋಲ್ಟ್‌ಗೆ ಜೋಡಿಸಿದ ಎಲ್‌ಇಡಿ ಒಡನೆಯೇ ಸುಟ್ಟುಹೋಗುತ್ತದೆ. 680 ಓಮ್ ರೋಧಕ ಹಾಕಿದರೆ ಉಳಿದ 10 ವೋಲ್ಟ್‌ಗೆ ಸುಮಾರು 15 ಮಿಲಿಆಂಪಿಯರ್ ಹರಿಯುತ್ತದೆ. ಆಗ ಎಲ್‌ಇಡಿಗೆ ಸಿಗುವುದು 0.03 ವ್ಯಾಟ್, ರೋಧಕದಲ್ಲಿ ಬಿಸಿಯಾಗಿ ಕಳೆಯುವುದು 0.15 ವ್ಯಾಟ್. ಬ್ಯಾಟರಿ ಕೊಡುವುದರಲ್ಲಿ ಆರರಲ್ಲಿ ಐದು ಪಾಲು ಹೀಗೆ ವ್ಯರ್ಥವಾಗುವುದನ್ನು ಒಪ್ಪಿಕೊಳ್ಳಬೇಕಿಲ್ಲ: ನಾಲ್ಕು ಎಲ್‌ಇಡಿಗಳನ್ನು ಸರಣಿಯಲ್ಲಿಟ್ಟರೆ ಅವೇ 8 ವೋಲ್ಟ್ ಹಿಡಿಯುತ್ತವೆ, 270 ಓಮ್ ರೋಧಕ ಸಾಕಾಗುತ್ತದೆ ಮತ್ತು ನಷ್ಟ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಚಳ್ಳಕೆರೆ, ಹಿರಿಯೂರು ಕಡೆಯ ತೋಟದ ಮನೆಗಳಲ್ಲಿ ಸೌರ ಫಲಕದ ಬ್ಯಾಟರಿಗೆ ಈ ದೀಪವನ್ನು ಜೋಡಿಸುವವರು ಇನ್ನೊಂದು ಲೆಕ್ಕವನ್ನೂ ಮಾಡಲೇಬೇಕು. ಬಿಸಿಲಿನಲ್ಲಿ ಚಾರ್ಜ್ ಆಗುವಾಗ ಬ್ಯಾಟರಿಯ ವೋಲ್ಟೇಜ್ 14.4ರವರೆಗೂ ಏರಬಹುದು. ಎಲ್‌ಇಡಿಗಳು ಆಗಲೂ ಹೆಚ್ಚುಕಡಿಮೆ 8 ವೋಲ್ಟನ್ನೇ ಹಿಡಿದುಕೊಂಡಿರುವುದರಿಂದ ಏರಿಕೆಯೆಲ್ಲ ರೋಧಕದ ಪಾಲಿಗೆ ಬಂದು, 270 ಓಮ್‌ನಲ್ಲಿ ಪ್ರವಾಹ ಸುಮಾರು 24 ಮಿಲಿಆಂಪಿಯರ್ ಆಗುತ್ತದೆ. ಸಾಮಾನ್ಯ ಎಲ್‌ಇಡಿಗೆ 20 ದಾಟಬಾರದು. ಅಲ್ಲಿ 390 ಓಮ್ ಹಾಕಿದರೆ ಬಿಸಿಲಿನಲ್ಲಿ 16, ಬ್ಯಾಟರಿ 12 ವೋಲ್ಟ್‌ಗೆ ಇಳಿದ ರಾತ್ರಿಯಲ್ಲಿ 10 ಮಿಲಿಆಂಪಿಯರ್ ಹರಿಯುತ್ತದೆ. ರೋಧಕದಲ್ಲಿ ಕಳೆಯುವುದು ಹೆಚ್ಚೆಂದರೆ 0.11 ವ್ಯಾಟ್ ಆದ್ದರಿಂದ ಕಾಲು ವ್ಯಾಟ್‌ನ ರೋಧಕವೇ ಸಾಕು.